ರೇಡಿಯೋ ಓಂಕಾರಪ್ಪನ ಫೋಟೋ

ಇಲ್ಲದ ಸ್ನೇಹವನ್ನು ಒಂದು ಸಲ ಇದೆ ಎಂದುಬಿಟ್ಟರೆ, ಆಮೇಲೆ ಅದನ್ನು ಸಾಕುವುದು ಆನೆ ಸಾಕಿದ ಹಾಗೆ. ಕಾಗದನಗರದ ಗುಮಾಸ್ತ ಮುರುಗೇಶಪ್ಪನವರಿಗೆ ಒದಗಿದ್ದು ಅದೇ ಗ್ರಹಚಾರ.

ಭಾನುವಾರ ಸಂಜೆ ರೇಡಿಯೋದಲ್ಲಿ ಓಂಕಾರಪ್ಪನವರ ಹಾಸ್ಯವೆಂದರೆ ಆ ಸಾಲಿನ ಹೆಂಗಸರೆಲ್ಲ ಇವರ ಮನೆಯಲ್ಲೇ. (ರೇಡಿಯೋ ಇದ್ದದ್ದು ಇವರೊಬ್ಬರ ಮನೆಯಲ್ಲಿ.) ಹೆಂಡತಿ ಜಗದಾಂಬಾ ತಂದೆಯನ್ನು ಕಳೆದುಕೊಂಡು ಮಂಕಾಗಿದ್ದ ವರ್ಷ ಅವಳನ್ನು ಮೊದಲು ನಗಿಸಿದ್ದು ಆ ದನಿಯೇ. ಅಂದಿನಿಂದ ಮನೆಯಲ್ಲಿ ನಿತ್ಯಮಂತ್ರ: "ಓಂಕಾರಪ್ಪನವರು ಹೆಂಡ್ತಿ ಹತ್ರ ಎಷ್ಟು ನಯವಾಗಿ ಮಾತಾಡ್ತಾರೆ, ನೀವೂ ಇದ್ದೀರಿ!" ಕೇಳಿ ಕೇಳಿ ರೋಸಿದ ಮುರುಗೇಶಪ್ಪ ಒಂದು ದಿನ, "ಅವನಾ? ಬೀರೂರು ರೈಲಲ್ಲಿ ನಾವಿಬ್ರೂ ಒಂದೇ ಪೊಟ್ಟಣದ ಕಡಲೇಕಾಯಿ ತಿಂದೋರು" ಎಂದುಬಿಟ್ಟರು. ಅಂದಿನಿಂದ ಎರಡನೇ ಲೋಟ ಕಾಫಿ ಕೇಳದೆಯೇ ಬರತೊಡಗಿತು.

ಆ ಓಂಕಾರಪ್ಪನವರು ತೀರಿಕೊಂಡರು. ಸುದ್ದಿಯನ್ನೂ ರೇಡಿಯೋವೇ ಹೇಳಿತು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ಇಷ್ಟು ವರ್ಷ ನಗಿಸಿದಾರೆ. ಸೋಮವಾರ ಒಂದು ಎಡೆ ಇಟ್ಟು ನೆನೆಸ್ಕೊಳ್ಳೋಣ" ಎಂದಳು ಜಗದಾಂಬಾ.

"ಫೋಟೋ ಬೇಡ್ವೇನೇ? ರೇಡಿಯೋಗೇ ಹಾರ ಹಾಕೋಕಾಗುತ್ತಾ?" ಎಂದರು ಪಕ್ಕದ ಮನೆಯ ವಸಂತಮ್ಮ.

ಮುಖ ಕಂಡವರು ಯಾರಿದ್ದಾರೆ? ಎಲ್ಲರ ಕಣ್ಣೂ ಮುರುಗೇಶಪ್ಪನವರ ಕಡೆ ತಿರುಗಿತು.

ಶಿವಮೊಗ್ಗದ ಸ್ಟುಡಿಯೋಗಳನ್ನೆಲ್ಲ ಸುತ್ತಿ ಅವರು ಸಂಪಾದಿಸಿದ್ದು ಫೋಟೋ ಹಾಕುವ ಒಂದು ಖಾಲಿ ಕಟ್ಟು ಮಾತ್ರ. ಮನೆಗೆ ಬಂದವರಿಗೆ ಟ್ರಂಕಿನ ತಳ ನೆನಪಾಯಿತು. ಅಲ್ಲಿ ಅವರದೇ ಹದಿನೆಂಟನೇ ವಯಸ್ಸಿನ ಫೋಟೋ: ರುಮಾಲು, ಗುಳಿಬಿದ್ದ ಕೆನ್ನೆ, ಮೀಸೆಯಿಲ್ಲದ ಮೋರೆ. ಈಗಲೋ ಬೋಳುತಲೆ, ಕನ್ನಡಕ, ಪೊದೆಮೀಸೆ. ತಮ್ಮನ್ನು ತಾವೇ ಗುರುತಿಸಲು ಅವರಿಗೆ ಎರಡು ನಿಮಿಷ ಬೇಕಾಯಿತು. ಧೈರ್ಯವಾಗಿ ಕಟ್ಟಿನೊಳಗೆ ಸೇರಿಸಿದರು.

ಸೋಮವಾರ ಫೋಟೋ ನೋಡಿದ್ದೇ ವಸಂತಮ್ಮ, "ಮೋರೆ ನೋಡಿದ್ರೇ ನಗು ಬರುತ್ತಲ್ಲೇ ಮಾರಾಯ್ತಿ!" ಎಂದರು. ಮುರುಗೇಶಪ್ಪ ನುಂಗಿಕೊಂಡರು. ಜಗದಾಂಬಾ ವಿಭೂತಿ ಹಚ್ಚಿ, ಹಾರ ಹಾಕಿ, ಹೋಳಿಗೆಯ ಎಡೆ ಇಟ್ಟು ಕೈಮುಗಿದಳು. "ಎಂಥಾ ಕಳೆ! ಇಂಥವ್ರ ಜೊತೆ ಬಾಳೋಕೆ ಪುಣ್ಯ ಮಾಡಿರ್ಬೇಕು."

ಮದುವೆಯಾಗಿ ಹದಿನಾರು ವರ್ಷದಲ್ಲಿ ಇಂಥ ಮಾತು ಕೇಳಿರದ ಮುರುಗೇಶಪ್ಪ ಬಾಗಿಲ ಮರೆಯಲ್ಲಿ ಗಳಗಳ ಅತ್ತರು.

ಅಷ್ಟರಲ್ಲಿ ಹೊಳೆಹೊನ್ನೂರಿನಿಂದ ಅವರ ತಾಯಿ ಬದನೆಕಾಯಿ ಚೀಲ ಹೊತ್ತು ಬಂದರು. ನಡುಮನೆಯಲ್ಲಿ ಅಳುವ ಹೆಂಗಸರು, ಗೋಡೆಗೆ ಮಗನ ಫೋಟೋ, ಫೋಟೋಗೆ ಹಾರ! ಬದನೆಕಾಯಿ ಮನೆ ತುಂಬ ಉರುಳಿದವು.

"ಅಯ್ಯೋ ಮುರುಗೇಶಾ! ನಂಗೊಂದು ಮಾತು ಹೇಳಿ ಕಳಿಸ್ಲಿಲ್ವಲ್ರೇ!"

"ಅತ್ತೆ, ಅವ್ರು ಓಂಕಾರಪ್ಪನವ್ರು..."

"ಯಾವ ಓಂಕಾರಪ್ಪನೇ? ಹೆತ್ತೋಳಿಗೆ ಗೊತ್ತಿಲ್ವಾ? ಆ ರುಮಾಲು ಅವರಪ್ಪಂದು!"

ತಾಯಿಯ ರೋದನ ತಾಳಲಾರದೆ ಮೃತರು ಬಾಗಿಲ ಮರೆಯಿಂದ ಈಚೆ ಬಂದರು. "ಅವ್ವಾ, ಇದ್ದೀನಿ ಕಣವ್ವಾ."

ತಾಯಿ ತಲೆಯಿಂದ ಕಾಲಿನವರೆಗೆ ತಡವಿ ನೋಡಿ, ಜೀವವಿರುವುದು ಖಾತ್ರಿಯಾದ ಮೇಲೆ ಕೆನ್ನೆಗೊಂದು ಬಿಟ್ಟರು. ಜಗದಾಂಬಾ ಹಾರ ಕಿತ್ತು ಬಿಸಾಡಿ, ತಾಳಿ ಕಣ್ಣಿಗೊತ್ತಿಕೊಂಡಳು.

"ಬದುಕಿರೋ ಗಂಡನಿಗೆ ನನ್ನ ಕೈಲೇ ಎಡೆ ಇಡಿಸಿದ್ರಲ್ರೀ! ಹಾಗಾದ್ರೆ ಆ ಕಡಲೇಕಾಯಿ?"

"ಅದು... ಸುಳ್ಳು."

"ಓಂಕಾರಪ್ಪನವ್ರು?"

"ಅವ್ರೂ ಇರ್ಲಿಲ್ಲ. ರೈಲು ಮಾತ್ರ ನಿಜ."

ದೋಷ ಕಳೆಯಲೆಂದು ತಾಯಿ ಅವರ ತಲೆಗೆ ಹನ್ನೊಂದು ಕೊಡ ತಣ್ಣೀರು ಸುರಿದರು. ತನ್ನ ಎಡೆ ತಾನೇ ಉಣ್ಣುವುದುಂಟೆ? ಹೋಳಿಗೆಯೆಲ್ಲ ನೆರೆಯವರ ಪಾಲಾಯಿತು, ಮುರುಗೇಶಪ್ಪನವರಿಗೆ ಗಂಜಿ.

ಮುಂದಿನ ಭಾನುವಾರ ಸಂಜೆ ಹೆಂಗಸರು ಅಭ್ಯಾಸಬಲದಿಂದ ಬಂದು ಕೂತರು. ರೇಡಿಯೋದಲ್ಲಿ ಯಾರದೋ ಪಿಟೀಲು. ಜಗದಾಂಬಾ ಎದ್ದು ಹೋಗಿ ಆ ಫೋಟೋ ತಂದು (ಹಾರವಿಲ್ಲದೆ) ರೇಡಿಯೋದ ಮೇಲಿಟ್ಟಳು. ಮೊದಲು ವಸಂತಮ್ಮ ಕಿಸಕ್ಕೆಂದರು. ಆಮೇಲೆ ಎಲ್ಲರೂ ಓಂಕಾರಪ್ಪನವರ ಕಾಲದಂತೆಯೇ ಪಕ್ಕೆ ಹಿಡಿದು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

ಸಮಯ ನೋಡಿ ಮುರುಗೇಶಪ್ಪ ಮೆಲ್ಲಗೆ ಕೇಳಿದರು: "ಎರಡನೇ ಲೋಟ ಕಾಫಿ...?"

ಜಗದಾಂಬಾ ಓಂಕಾರಪ್ಪನವರಷ್ಟೇ ನಯವಾಗಿ ಹೇಳಿದಳು: "ಒಲೆ ಅಲ್ಲೇ ಇದೆ, ಮಾಡ್ಕೊಳ್ಳಿ. ಹಾಗೇ ನಮಗೂ ಆರು ಲೋಟ."