ಹೊಲಿಗೆಗೆ ಎರಡಿಂಚು

ಯಜಮಾನ್ತಿ: ನನ್ನ ಇಸ್ತ್ರಿ ಮೇಜಿಗೆ ನಾಲ್ಕು ಕಾಲಿತ್ತು. ಈಗ ಮೂರೇ ಇದೆ. ನಾಲ್ಕನೇದು ಎಲ್ರೀ?

ಯಜಮಾನ: (ಕಾರಿನ ಎಂಜಿನ್ನಿನೊಳಗೆ ತಲೆ ತೂರಿಸಿಕೊಂಡೇ) ಮೂರು ಕಾಲಿನ ಮೇಜು ಎಂಥ ನೆಲದ ಮೇಲೂ ಅಲ್ಲಾಡಲ್ಲ ಕಣೇ. ಇದು ವಿಜ್ಞಾನ.

ಯಜಮಾನ್ತಿ: ಅಲ್ಲಾಡಲ್ಲ, ನಿಜ. ಬಿದ್ದು ಮಲಗಿರೋದು ಹೇಗೆ ಅಲ್ಲಾಡುತ್ತೆ?

ಶೆಡ್ಡಿನ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತ ಯಜಮಾನ್ತಿ ಟೈಲರು. ಅಳತೆ ಟೇಪು ಅವಳ ಕೊರಳು ಬಿಟ್ಟು ಇಳಿದದ್ದನ್ನು ಕಂಡವರಿಲ್ಲ. ಮೂವತ್ತು ವರ್ಷದಿಂದ ಬೀದಿಯವರ ಬಟ್ಟೆಯನ್ನೆಲ್ಲ ಹೊಲಿಯುವವಳು ಈಗ ಊಟದ ಮೇಜಿನ ಮೇಲೆ ಹೊಲಿಯುತ್ತಿದ್ದಾಳೆ, ಯಾಕೆಂದರೆ ಮನೆಗಿದ್ದ ಒಂದೇ ಹೆಚ್ಚುವರಿ ಜಾಗವನ್ನು ಏಳು ವರ್ಷದ ಹಿಂದೆ ಒಂದು ಕಾರು ನುಂಗಿ ಕೂತಿದೆ. ಕಾರು ಅಂದರೆ ಕೊಂಡು ತಂದದ್ದಲ್ಲ. ಒಂದು ಕಡೆಯಿಂದ ಎಂಜಿನ್ನು, ಇನ್ನೊಂದು ಕಡೆಯಿಂದ ಚಕ್ರ, ಮತ್ತೆಲ್ಲಿಂದಲೋ ಬಾಗಿಲು ತಂದು ಯಜಮಾನ ಸ್ವಂತ ಕೈಯಾರೆ ಕಟ್ಟಿದ್ದು. ಇವತ್ತು ಭಾನುವಾರ. ಸಂಜೆ ಐದರೊಳಗೆ ಅದು ತನ್ನ ಶಕ್ತಿಯಿಂದಲೇ ಗೇಟು ದಾಟದಿದ್ದರೆ ಕಾರು ಗುಜರಿಗೆ, ಶೆಡ್ಡು ಹೊಲಿಗೆ ಮಿಷಿನ್ನಿಗೆ. ದಾಟಿದರೆ ಗುಜರಿಯ ಮಾತು ಇನ್ನು ಎತ್ತುವಂತಿಲ್ಲ. ಇದು ಗಂಡಹೆಂಡಿರ ಕರಾರು. ಸಾಕ್ಷಿಗೆಂದು ಯಜಮಾನ್ತಿಯ ಅಣ್ಣ, ಅಂದರೆ ಯಜಮಾನನ ಭಾವ, ಸ್ಟೂಲು ಹಾಕಿಕೊಂಡು ಕೂತಿದ್ದಾನೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು, ಮಾತು ಕಡಿಮೆ. ಗಂಟೆ ಆಗಲೇ ಮೂರೂವರೆ.

ಭಾವ: ನಿನ್ನ ಮೇಜಿನ ಪೈಪಿನ ಕಾಲು ಅಲ್ಲಿದೆ ನೋಡಮ್ಮ. ಬಡಿದು ಚಪ್ಪಟೆ ಮಾಡಿ, ಆಲ್ಟರ್ನೇಟರನ್ನ ಮೇಲೆ ಕೂರಿಸೋಕೆ ಪಟ್ಟಿ ಮಾಡ್ಕೊಂಡಿದ್ದಾನೆ.

ಯಜಮಾನ್ತಿ: ಆಲ್ಟರ್ನೇಟರ್ ಕೆಳಗಡೆ ಸುಮ್ನೆ ತನ್ನ ಪಾಡಿಗೆ ತಾನಿತ್ತಲ್ಲ? ಮೇಲಕ್ಕೆ ಯಾಕೆ ಎತ್ತಿದ್ರಿ, ಗಾಳಿ ಸೇವನೆಗಾ?

ಯಜಮಾನ: ಬ್ಯಾಟರಿಗೆ ಕರೆಂಟು ತುಂಬೋದೇ ಅದು. ಅದಿಲ್ದೆ ಕಾರು ಬೀದಿ ಕೊನೆ ಮುಟ್ಟಲ್ಲ. ಆದ್ರೆ ಕೆಳಗಿದ್ದಾಗ ಸ್ಟೇರಿಂಗಿನ ಸರಳು ಅದಕ್ಕೇ ಬಡೀತಿತ್ತು. ಬಲಕ್ಕೆ ತಿರುಗಿಸೋಕಾಗ್ತಿರಲಿಲ್ಲ.

ಯಜಮಾನ್ತಿ: ಎಡಕ್ಕೆ?

ಯಜಮಾನ: ಎಡಕ್ಕಾ? ಬೆಣ್ಣೆ!

ಯಜಮಾನ್ತಿ: ಗೇಟಿರೋದು ಬಲಕ್ಕೆ.

ಯಜಮಾನ: ಗೊತ್ತು.

ಯಜಮಾನ್ತಿ: ಎಡಕ್ಕಿರೋದು ನನ್ನ ಅಡುಗೆಮನೆ.

ಯಜಮಾನ: ಗೊತ್ತು ಕಣೇ! ಅದಕ್ಕೇ ತಾನೇ ಜಾಗ ಬದಲಾಯಿಸ್ತಿರೋದು!

ಯಜಮಾನ್ತಿ: ಏಳು ವರ್ಷದಲ್ಲಿ ಒಂದು ಸಲವೂ ಬಲಕ್ಕೆ ತಿರುಗಿಸಿ ನೋಡ್ಲಿಲ್ವಾ?

ಯಜಮಾನ: ನಿಂತಿರೋ ಕಾರನ್ನ ಯಾರಾದ್ರೂ ತಿರುಗಿಸಿ ನೋಡ್ತಾರಾ?

ಭಾವ: ಡಿಪೋದಲ್ಲಿ ನೋಡ್ತಿದ್ವಿ.

ಯಜಮಾನ ಭಾವನನ್ನು ದುರುಗುಟ್ಟಿಕೊಂಡು ನೋಡಿ ಹೊಸ ರಬ್ಬರ್ ಬೆಲ್ಟು ಕೈಗೆತ್ತಿಕೊಂಡ. ಎಂಜಿನ್ನಿನ ಗಾಲಿಗೂ ಆಲ್ಟರ್ನೇಟರಿನ ಗಾಲಿಗೂ ಸೇರಿಸಿ ಆ ಬೆಲ್ಟು ಬಿಗಿಯಾಗಿ ಕೂತರೆ ಮಾತ್ರ ಆಲ್ಟರ್ನೇಟರ್ ತಿರುಗುವುದು. ಹಾಕಿದ. ಆಲ್ಟರ್ನೇಟರನ್ನು ಹೊರಕ್ಕೆ ಎಳೆಯುವಷ್ಟೂ ಎಳೆದ. ಬೆಲ್ಟು ಹಳೇ ಚಡ್ಡಿಯ ಎಲಾಸ್ಟಿಕ್ಕಿನಂತೆ ಜೋತುಬಿತ್ತು.

ಯಜಮಾನ: ನಲವತ್ತು ಇಂಚು ಅಂದ್ಯಲ್ಲೇ! ನಿನ್ನೆ ನಾನು ಎರಡೂ ಕೈಯಲ್ಲಿ ಆಲ್ಟರ್ನೇಟರ್ ಎತ್ತಿ ಹಿಡಿದಿದ್ದೆ, ಸುತ್ತ ಟೇಪು ಹಿಡಿದು ಅಳೆದಿದ್ದು ನೀನು ತಾನೇ?

ಯಜಮಾನ್ತಿ: ಕುಣಿಯಲಾರದವಳಿಗೆ ನೆಲ ಡೊಂಕು. ನನ್ನ ಅಳತೆ ತಪ್ಪಿದ್ದು ಒಂದು, ಒಂದೇ ಒಂದು ತೋರಿಸಿ.

ಯಜಮಾನ: ಇದೇ! ಕಣ್ಣೆದುರೇ ನೇತಾಡ್ತಿದೆ!

ಭಾವ: ತಂಗೀ, ಟೇಪಲ್ಲಿ ಎಷ್ಟು ತೋರಿಸ್ತು?

ಯಜಮಾನ್ತಿ: ಮೂವತ್ತೆಂಟು.

ಯಜಮಾನ: ಮತ್ತೆ ನಲವತ್ತು ಅಂದಿದ್ದು?

ಯಜಮಾನ್ತಿ: ಹೊಲಿಗೆಗೆ ಎರಡಿಂಚು ಬಿಡೋದು ಬೇಡ್ವಾ?

ಯಜಮಾನ ಜೋತುಬಿದ್ದ ಬೆಲ್ಟನ್ನು ಬೆರಳಲ್ಲಿ ಎತ್ತಿ ಅವಳಿಗೆ ತೋರಿಸಿದ.

ಯಜಮಾನ: ರಬ್ಬರ್ ಬೆಲ್ಟಿಗೆ ಯಾರೇ ಹೊಲಿಗೆ ಹಾಕ್ತಾರೆ!

ಯಜಮಾನ್ತಿ: ನಾಳೆ ಮೈ ಬಂದ್ರೆ ಬಿಚ್ಚಿ ಸಡಿಲ ಮಾಡ್ಕೋಬಹುದು ಅಂತ ಬಿಟ್ಟೆ. ಅಭ್ಯಾಸ.

ಯಜಮಾನ: ಎಂಜಿನ್ನಿಗೆ ಮೈ ಬರುತ್ತಾ?

ಯಜಮಾನ್ತಿ: ಏಳು ವರ್ಷ ಕೂತಲ್ಲೇ ಕೂತ್ರೆ ಯಾರಿಗಾದ್ರೂ ಬರುತ್ತೆ.

ಯಜಮಾನ ಹಳೇ ಟೈರಿನ ಮೇಲೆ ಕುಸಿದು ಕೂತ. ಗಂಟೆ ನಾಲ್ಕು ದಾಟಿತ್ತು. ಭಾನುವಾರ ಬೆಲ್ಟಿನ ಅಂಗಡಿ ಬಾಗಿಲು ಮುಚ್ಚಿರುತ್ತದೆ. ಗುಜರಿಯವನದು ಮಾತ್ರ ಯಾವತ್ತೂ ತೆರೆದೇ ಇರುತ್ತದೆ, ದರಿದ್ರ. ಏಳು ವರ್ಷದ ಭಾನುವಾರಗಳೆಲ್ಲ ಎರಡಿಂಚಿಗೆ ಹೋಗಿಬಿಟ್ಟವಲ್ಲಾ ಎಂದು ಅವನಿಗೆ ಅಳುವೇ ಬಂತು. ಬಂದ ಅಳುವನ್ನು ಗ್ರೀಸಿನ ಬಟ್ಟೆಯಿಂದ ಒರೆಸಿಕೊಂಡು ಮುಖವನ್ನೆಲ್ಲ ಕಪ್ಪು ಮಾಡಿಕೊಂಡ.

ಭಾವ: ಬೆಲ್ಟು ಗಿಡ್ಡ ಮಾಡೋಕಾಗಲ್ಲ. ಆಲ್ಟರ್ನೇಟರನ್ನೇ ಒಂದಿಂಚು ಹೊರಗೆ ತಳ್ಳು ಮಹರಾಯ, ಬೆಲ್ಟಿನ ಎರಡೂ ಮಗ್ಗುಲು ಸೇರಿ ಎರಡಿಂಚು ಬಿಗಿಯುತ್ತೆ. ಎಂಜಿನ್ನಿಗೂ ಪಟ್ಟಿಗೂ ನಡುವೆ ಒಂದೊಂದಿಂಚಿನ ಎರಡು ಪೈಪು ತುಂಡು ಕೊಟ್ಟು ಉದ್ದ ಬೋಲ್ಟು ಹಾಕು.

ಯಜಮಾನ: ಬೋಲ್ಟಿದೆ. ಪೈಪಿಗೆ ಎಲ್ಲಿ ಹೋಗ್ಲಿ?

ಮೂವರ ಕಣ್ಣೂ ಒಟ್ಟಿಗೇ ಶೆಡ್ಡಿನ ಮೂಲೆಯಲ್ಲಿ ಮಲಗಿದ್ದ ಇಸ್ತ್ರಿ ಮೇಜಿನ ಮೇಲೆ ಬಿದ್ದವು. ಯಜಮಾನ ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದ.

ಯಜಮಾನ್ತಿ: ತಗೊಳ್ಳಿ.

ಯಜಮಾನ: ಏನಂದೆ?

ಯಜಮಾನ್ತಿ: ಮೂರನೇ ಕಾಲೂ ಕತ್ತರಿಸ್ಕೊಳ್ಳಿ ಅಂದೆ.

ಯಜಮಾನ: ಕಾರು ಗೇಟು ದಾಟಿದ್ರೆ ಸೋಲೋದು ನೀನು ಕಣೇ.

ಯಜಮಾನ್ತಿ: ಸೋಲ್ತೀನಿ ಬಿಡಿ. ಅಲ್ಲಾ, ಕಾರು ಓಡಿದ ಮೇಲೂ ಇಲ್ಲೇ ಬಚ್ಚಿಟ್ಟು ಮುದ್ದು ಮಾಡ್ತೀರೋ?

ಯಜಮಾನ: (ಆಗಲೇ ಗರಗಸ ಹಿಡಿದು) ಬಚ್ಚಿಡೋದಾ? ಓಡೋ ಕಾರಿಗೆ ಶೆಡ್ ಯಾಕೆ? ಶೆಡ್ ಬೇಕಿರೋದು ರೋಗಿಗೆ! ಇದು ಹುಲಿ ಕಣೇ. ಬಿಸಿಲೋ ಮಳೆಯೋ, ಬೀದಿಯಲ್ಲೇ ಇರುತ್ತೆ!

ಯಜಮಾನ್ತಿ: ಅಣ್ಣಾ, ಕೇಳಿಸ್ತಾ?

ಭಾವ: ಅದಕ್ಕೇ ತಾನೇ ನನ್ನ ಕರೆಸಿರೋದು.

ಪೈಪಿನ ತುಂಡು ಕೂತವು, ಬೋಲ್ಟು ಬಿಗಿಯಾಯಿತು, ಬೆಲ್ಟು ತಂತಿಯಂತೆ ಸೆಟೆದು ನಿಂತಿತು. ಐದಕ್ಕೆ ಎಂಟು ನಿಮಿಷವಿದೆ ಎನ್ನುವಾಗ ಎಂಜಿನ್ನು ಕೆಮ್ಮಿತು, ಸೀನಿತು, ಗುಡುಗಿತು. ಬ್ಯಾಟರಿಯ ಕೆಂಪು ದೀಪ ಆರಿತು. ಅಂದರೆ ಕರೆಂಟು ತುಂಬುತ್ತಿದೆ. ಯಜಮಾನ ಸ್ಟೇರಿಂಗ್ ಬಲಕ್ಕೆ ತಿರುಗಿಸಿದ. ತಿರುಗಿತು! ಗೇಟು ದಾಟುವಾಗ ಕನ್ನಡಿಯಲ್ಲಿ ಹೆಂಡತಿ ಬಾಯಿತುಂಬ ನಗುತ್ತಿರುವುದು ಕಂಡಿತು. ಅಂತೂ ಇವಳಿಗೆ ನನ್ನ ಬೆಲೆ ಗೊತ್ತಾಯಿತು ಎಂದು ಹಿಗ್ಗಿದ. ಆ ಹಿಗ್ಗಿನಲ್ಲಿ ಒಂದು ಸುತ್ತು ಹೋಗಬೇಕಾದವನು ಹಾರನ್ ಬಾರಿಸುತ್ತ ಐದು ಸುತ್ತು ಹೋದ.

ವಾಪಸು ಬಂದಾಗ ಶೆಡ್ಡಿನೊಳಗೆ ಹೊಲಿಗೆ ಮಿಷಿನ್ನು ಟಕಟಕ ಓಡುತ್ತಿತ್ತು. ಎರಡೇ ಕಾಲಿನ ಇಸ್ತ್ರಿ ಮೇಜು ಅವನದೇ ಹಳೇ ಟೈರುಗಳ ಮೇಲೆ ಒರಗಿ ಗಟ್ಟಿಯಾಗಿ ನಿಂತಿತ್ತು. ಮಿಷಿನ್ನು ಹೊತ್ತು ತಂದ ಭಾವ ಬೆವರು ಒರೆಸಿಕೊಳ್ಳುತ್ತಿದ್ದ.

ಯಜಮಾನ: ಏನೇ ಇದು! ಗೆದ್ದಿದ್ದು ನಾನು!

ಯಜಮಾನ್ತಿ: ಯಾರು ಇಲ್ಲ ಅಂದ್ರು? ನಿಮ್ಮ ಹುಲಿ ಗುಜರಿಗೆ ಹೋಗಲ್ಲ.

ಯಜಮಾನ: ಮತ್ತೆ ಶೆಡ್ಡು?

ಭಾವ: ಶೆಡ್ ಬೇಕಿರೋದು ರೋಗಿಗೆ. ನಿನ್ನ ಬಾಯಲ್ಲೇ ಬಂತಲ್ಲ ಮಹರಾಯ.

ಯಜಮಾನ ಬೀದಿಯತ್ತ ತಿರುಗಿ ನೋಡಿದ.

ಯಜಮಾನ: ಅಲ್ಲ ಕಣೇ, ಬೀದಿಯಲ್ಲಿ ಎಲ್ಲಿ ನಿಲ್ಲಿಸ್ಲಿ? ದೀಪದ ಕಂಬಕ್ಕೂ ಪಕ್ಕದ ಮನೆ ಗೇಟಿಗೂ ನಡುವೆ ಇರೋದೇ ಅಷ್ಟು ಜಾಗ! ಕಾರು ಹಿಡಿಸುತ್ತೋ ಇಲ್ವೋ!

ಯಜಮಾನ್ತಿ ಮಿಷಿನ್ನು ನಿಲ್ಲಿಸಿ, ಕೊರಳಿನ ಟೇಪು ತೆಗೆದು ಎದ್ದು ಬಂದಳು.

ಯಜಮಾನ್ತಿ: ತಡೀರಿ, ಅಳೆದು ಹೇಳ್ತೀನಿ. ಹೆದರ್ಬೇಡಿ, ಮೈ ಬಂದ್ರೂ ಹಿಡಿಸೋ ಹಾಗೆ ಎರಡಿಂಚು ಬಿಟ್ಟೇ ಹೇಳ್ತೀನಿ.