ಸಾಯಲೊಪ್ಪದ ರಾಜನ ಪರವಾಗಿ, ಮೆಮೊರಿ ಗುಡಿಸುವ ಮಹನೀಯರಿಗೆ

ಕಂಪ್ಯೂಟರಿನ ಹೊಟ್ಟೆಯೊಳಗೆ ಪೊರಕೆ ಹಿಡಿದು ಸಂಚರಿಸುವ, ಕಂಡವರಿಲ್ಲದಿದ್ದರೂ ಕಾದು ಸುಸ್ತಾದವರು ಅಸಂಖ್ಯಾತರಿರುವ, ಗಾರ್ಬೇಜ್ ಕಲೆಕ್ಟರ್ ಎಂಬ ಬಿರುದಾಂಕಿತ ಮಾನ್ಯರೇ,

ನಮ್ಮ ನಾಟಕ ಕಂಪನಿಯ ದೀಪದ ಕೋಣೆಯಿಂದ, ಪ್ರೇಕ್ಷಕರ ತಲೆಗಳ ಮೇಲೆ ತೂಗುವ ಈ ಬೆಂಕಿಪೊಟ್ಟಣದಂಥ ಗೂಡಿನಿಂದ, ತಮಗೆ ಸಾಷ್ಟಾಂಗ ನಮಸ್ಕಾರಗಳು. ನಿಜಕ್ಕೂ ಅಡ್ಡಬೀಳಲು ಇಲ್ಲಿ ಜಾಗವಿಲ್ಲ, ಮೊಣಕಾಲು ಚಾಚಿದರೆ ಪ್ಲಗ್ಗು ಕಿತ್ತುಬರುತ್ತದೆ. ಆದ್ದರಿಂದ ಬಿದ್ದೆನೆಂದೇ ಭಾವಿಸಿಕೊಳ್ಳಬೇಕು. ತಾವು ಕ್ಷೇಮವೆಂದು ಬಲ್ಲೆ. ನನ್ನ ಕ್ಷೇಮದ ವಿಷಯವಾಗಿಯೇ ಈ ಪತ್ರ.

ಇದನ್ನು ಓದುವ ಇತರ ಮಹಾಜನಗಳ ತಿಳಿವಿಗಾಗಿ ಎರಡು ಮಾತು. ರಂಗದ ಮೇಲಿನ ಎಲ್ಲ ದೀಪಗಳನ್ನೂ ನಾನು ಬರೆದ ಪ್ರೋಗ್ರಾಮ್ ನಡೆಸುತ್ತದೆ, ಮತ್ತು ಒಂದು ದೀಪ ಕೂದಲೆಳೆಯಷ್ಟು ಮಂಕಾದರೂ ಅದನ್ನು ಗುರುತಿಟ್ಟುಕೊಳ್ಳಲು ಅದಕ್ಕೆ ಮೆಮೊರಿಯಲ್ಲಿ ಒಂದಿಷ್ಟು ಜಾಗ ಬೇಕು. ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದ ಹಿರಿಯರು ಆ ಜಾಗವನ್ನು ತಾವೇ ಕೇಳಿ ಪಡೆದು, ಕೆಲಸ ಮುಗಿದೊಡನೆ ತಾವೇ ಹಿಂದಿರುಗಿಸುವ ಹಳೆಯ ಪದ್ಧತಿಯವರು. ಒಮ್ಮೆ ಅವರು ಹಿಂದಿರುಗಿಸಿದ್ದನ್ನು ಮರೆತು ಅದೇ ಜಾಗವನ್ನು ಮತ್ತೆ ಓದಲು ಹೋದಾಗ, ಅಷ್ಟರಲ್ಲಿ ಅಲ್ಲಿ ಬಿರುಗಾಳಿ ದೃಶ್ಯದ ಮಿಂಚಿನ ಲೆಕ್ಕ ಬಂದು ಕುಳಿತಿದ್ದರಿಂದ, ಪ್ರೇಮಿಗಳು ಕೈ ಹಿಡಿದ ಉದ್ಯಾನದ ಮೇಲೆ ಸಿಡಿಲೆರಗಿ ನಾಯಕಿ ಕಿಟಾರನೆ ಕಿರುಚಿದ್ದುಂಟು. ಅದನ್ನು ಕಂಡ ನಾನು ಎದೆಯುಬ್ಬಿಸಿ, ಇನ್ನು ಮುಂದೆ ಕೇಳುವುದಷ್ಟೇ ನಮ್ಮ ಕೆಲಸ, ಗುಡಿಸಲು ಮಹಾನುಭಾವರೊಬ್ಬರಿದ್ದಾರೆ ಎಂದು ಸಾರಿ, ತಾವು ವಾಸವಾಗಿರುವ ಹೊಸ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಲ್ಲವನ್ನೂ ತಿರುಗಿ ಬರೆದೆ. ಹಿರಿಯರು ಕನ್ನಡಕ ಒರೆಸಿಕೊಳ್ಳುತ್ತ, "ಅವನು ಗುಡಿಸೋಕೆ ಯಾವಾಗ ಬರ್ತಾನೆ ಅಂತ ಕೇಳಿದ್ದೀಯೇನೋ?" ಎಂದರು. ನಾನು ಕೇಳಿರಲಿಲ್ಲ.

ಆಹಾ, ತಮ್ಮ ಆಗಮನದ ವೈಭವವೇ! ಮೆಮೊರಿ ತುಂಬುತ್ತ ಬಂತೆಂದರೆ ಸಾಕು, "ಯಾರೂ ಅಲುಗಾಡಕೂಡದು!" ಎಂಬ ತಮ್ಮ ಅಪ್ಪಣೆ ಮೊಳಗುತ್ತದೆ, ನಡೆಯುತ್ತಿದ್ದ ಪ್ರೋಗ್ರಾಮ್ ಎತ್ತಿದ ಕಾಲನ್ನು ಎತ್ತಿದಂತೆಯೇ ಹಿಡಿದು ನಿಲ್ಲುತ್ತದೆ, ತಾವು ಒಂದೊಂದೇ ಸಾಮಾನನ್ನು ಎತ್ತಿ, ಇದನ್ನು ಯಾರಾದರೂ ಹಿಡಿದುಕೊಂಡಿದ್ದೀರೋ ಎಂದು ವಿಚಾರಿಸಿ, ಯಾರೂ ಹಿಡಿದಿಲ್ಲದ್ದನ್ನು ಮಾತ್ರ ಎಸೆಯುತ್ತೀರಿ. ಎಂಥ ನ್ಯಾಯನಿಷ್ಠೆ! ಆದರೆ ಈ ನ್ಯಾಯಸ್ಥಾನವನ್ನು ತೆರೆಯಲು ತಾವು ಆರಿಸಿಕೊಂಡ ಗಳಿಗೆಯಾದರೂ ಯಾವುದು? ರಾಜ ಸಾಯುವ ದೃಶ್ಯದ ತುಂಬ ಮಿಂಚೇ ಮಿಂಚು; ಅದು ಮಿನುಗಿದಷ್ಟು ಸಲವೂ ನನ್ನ ಪ್ರೋಗ್ರಾಮ್ ಹೊಸ ಜಾಗ ಬೇಡುವುದರಿಂದ, ಮೆಮೊರಿ ತುಂಬುವುದೂ ರಾಜನ ಎದೆಗೆ ಬಾಣ ನಾಟುವುದೂ ಒಂದೇ ಕಾಲಕ್ಕೆ ಒದಗುತ್ತವೆ. ರಾಜ ಬೀಳಬೇಕು, ರಾಣಿ ಅವನ ಮೇಲೆ ಬಿದ್ದು ಒಂದು ಚೀತ್ಕಾರ ಮಾಡಬೇಕು, ಕೂಡಲೇ ಗವ್ವೆನ್ನುವ ಕತ್ತಲು ಕವಿಯಬೇಕು, ಆ ಕತ್ತಲಲ್ಲಿ ಇಬ್ಬರೂ ಎದ್ದು ಒಳಗೆ ಓಡಬೇಕು. ತಾವು ಪೊರಕೆ ಎತ್ತಿದಿರಿ. ಕತ್ತಲು ಬರಲಿಲ್ಲ.

ಏಳು ಸೆಕೆಂಡು, ಮಾನ್ಯರೇ! ತಮಗದು ಮೂಲೆಯೊಂದನ್ನು ಗುಡಿಸುವ ಹೊತ್ತು. ರಂಗದ ಮೇಲೆ ಅದೊಂದು ಯುಗ. ಸತ್ತ ರಾಜನ ಹೊಟ್ಟೆ ಏರಿಳಿಯುವುದು ಹಿಂದಿನ ಸಾಲಿಗೂ ಕಂಡಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು, "ಉಸಿರಿದೆ ಕಣ್ರೋ, ಯಾರಾದ್ರೂ ನೀರು ಕೊಡ್ರೋ!" ಎಂದು ಎದ್ದೇಬಿಟ್ಟರು. ರಾಜ ಒಂದು ಕಣ್ಣು ತೆರೆದು ದೀಪದ ಕೋಣೆಯತ್ತ ಬೀರಿದ ನೋಟವನ್ನು ನಾನು ವರ್ಣಿಸಲಾರೆ; ಕೊನೆಗೆ ಎದ್ದು, ಕಿರೀಟವನ್ನು ಕಂಕುಳಲ್ಲಿಟ್ಟುಕೊಂಡು, ಝಗಝಗಿಸುವ ಬೆಳಕಿನಲ್ಲಿ ನಡೆದು ಹೋದ. ಬರಿಯ ಹಲಗೆಯನ್ನು ತಬ್ಬಿಕೊಂಡು ಅಳುತ್ತಿದ್ದ ರಾಣಿಯ ಮೇಲೆ ಆಗ ಕತ್ತಲು ಬಿತ್ತು. ಹೀಗೆ ಸತತ ಮೂರು ಪ್ರದರ್ಶನ.

ರಾಣಿ ನನ್ನ ಸ್ವಂತ ಅಕ್ಕ, ರಾಜ ನನ್ನ ಭಾವ ಎಂಬುದನ್ನು ಇಲ್ಲಿ ವಿನಯಪೂರ್ವಕವಾಗಿ ನಿವೇದಿಸುತ್ತೇನೆ. ಊಟದ ತಟ್ಟೆಯ ಮುಂದೆ ಭಾವನವರು ಪ್ರತಿಜ್ಞೆ ಮಾಡಿದರು: "ನೋಡಯ್ಯಾ, ನೀನು ಕತ್ತಲೆ ಕೊಡೋವರೆಗೂ ನಾನು ಸಾಯಲ್ಲ. ಎಷ್ಟು ಬಾಣ ಬೇಕಾದ್ರೂ ಬಿಡಲಿ, ನಿಂತೇ ಇರ್ತೀನಿ."

"ನೀವು ನಿಂತ್ಕೊಂಡ್ರೆ ನಾನೇನು ನಿಮ್ಮ ಮೊಣಕಾಲು ಹಿಡ್ಕೊಂಡು ಅಳ್ಲಾ?" ಎಂದಳು ಅಕ್ಕ.

ಮ್ಯಾನೇಜರ್ ಸಾಹೇಬರು ನೇರವಾಗಿ ವಿಷಯಕ್ಕೆ ಬಂದರು. "ಶನಿವಾರ ಕೊನೇ ಆಟ. ಅವತ್ತೂ ಹೀಗಾದ್ರೆ ಹಳೇ ಸ್ವಿಚ್ಚುಗಳನ್ನೇ ಹಾಕಿಸ್ತೀನಿ, ನೀನು ಬಾಗಿಲಲ್ಲಿ ಟಿಕೆಟ್ ಹರಿ" ಎಂದು ಹೇಳಿ ಹೋದರು.

ತಮ್ಮ ಮೇಲೆ ಸಾಕ್ಷ್ಯ ಕಲೆಹಾಕಲೆಂದು ಪ್ರೋಗ್ರಾಮನ್ನು ಸಾಲುಸಾಲಾಗಿ ಓದುತ್ತ ಹೋದವನಿಗೆ ಸಿಕ್ಕಿದ್ದು, ಹೇಳಲು ನಾಚಿಕೆಯಾಗುತ್ತದೆ, ನಾನೇ ಇಟ್ಟಿದ್ದ ಒಂದು ಪಟ್ಟಿ. ನಮ್ಮ ನಿರ್ದೇಶಕರಿಗೆ "ಮೊನ್ನೆ ಮಂಗಳವಾರ ಕೊಟ್ಟಿದ್ದೆಯಲ್ಲ, ಆ ಬೆಳಕು ಕೊಡಪ್ಪ" ಎನ್ನುವ ಅಭ್ಯಾಸ. ಅವರ ಬಾಯಿಗೆ ಹೆದರಿ, ತಾಲೀಮಿನಲ್ಲಿ ದೀಪಗಳು ತಳೆದ ಒಂದೊಂದು ಅವತಾರವನ್ನೂ "ಮುಂದೆ ಬೇಕಾಗಬಹುದು" ಎಂಬ ಪಟ್ಟಿಗೆ ಸೇರಿಸುತ್ತ ಬಂದಿದ್ದೆ. ಕಂಪ್ಯೂಟರನ್ನು ಆಫ್ ಮಾಡುವ ರೂಢಿ ನಮ್ಮಲ್ಲಿಲ್ಲವಾದ್ದರಿಂದ ಪಟ್ಟಿ ಮೂರು ಲಕ್ಷ ಮುಟ್ಟಿತ್ತು. ಪಾಪ, ತಾವು ಪ್ರತಿ ಸಲವೂ ಮೂರು ಲಕ್ಷವನ್ನು ಎತ್ತಿ ವಿಚಾರಿಸಿದ್ದೀರಿ, ಪಟ್ಟಿ ಮೂರು ಲಕ್ಷ ಸಲ "ನಂದು, ನಂದು" ಎಂದಿದೆ, ತಾವು ಹಾಗೇ ಕೆಳಗಿಟ್ಟಿದ್ದೀರಿ. ಹಾಗಾದರೆ ತಪ್ಪು ನನ್ನದೇ? ಛೆ, ಸರ್ವಜ್ಞರಾದ ತಮಗೆ "ಈ ಮನುಷ್ಯ ಹಿಡಿದುಕೊಂಡಿದ್ದಾನೆ ನಿಜ, ಆದರೆ ಇವನಿಗಿದು ಈ ಜನ್ಮದಲ್ಲಿ ಬೇಕಾಗುವುದಿಲ್ಲ" ಎಂದು ಹೊಳೆಯಬಾರದಿತ್ತೇ? ಕೈಯಿಂದ ಕಿತ್ತೆಸೆಯಬಾರದಿತ್ತೇ? ಹೋಗಲಿ, ಬರುವ ಮುಂಚೆ ಒಮ್ಮೆ ಕೆಮ್ಮಬಾರದಿತ್ತೇ?

ತಮ್ಮ ಕೃಪೆಗೆ ಕಾಯುವ ವ್ಯವಧಾನವಿಲ್ಲದೆ ಶನಿವಾರ ಮಧ್ಯಾಹ್ನ ಪಟ್ಟಿಯನ್ನು ನಾನೇ ಕೈಬಿಟ್ಟೆ. ಮಿಂಚಿಗೆ ಬೇಕಾದ ಜಾಗವನ್ನು ಮೊದಲೇ ಪಡೆದು, ಅದನ್ನೇ ಮತ್ತೆ ಮತ್ತೆ ಬಳಸುವಂತೆ ಬರೆದೆ. ಪರದೆ ಏಳುವ ಮುನ್ನ ಒಮ್ಮೆ, ವಿರಾಮದಲ್ಲಿ ಒಮ್ಮೆ ತಮ್ಮನ್ನು ಕೂಗಿ ಕರೆದು, ಉಳಿದ ಹೊತ್ತು ಹೊರಗೇ ನಿಲ್ಲಿಸಿದೆ. ಬಾಣ ನಾಟಿತು, ಭಾವ ದೀಪದ ಕೋಣೆಯ ಕಡೆ ಒಮ್ಮೆ ನೋಡಿ, ದೇವರ ಮೇಲೆ ಭಾರ ಹಾಕಿ ಬಿದ್ದರು, ಅಕ್ಕ ಚೀರಿದಳು, ಕತ್ತಲು ಧೊಪ್ಪನೆ ಕವಿಯಿತು! ಮ್ಯಾನೇಜರ್ ಸಾಹೇಬರು ಕೋಣೆಯೊಳಗೆ ತಲೆ ತೂರಿಸಿ, "ಇವತ್ತು ಸತ್ತ ನೋಡು ಸರಿಯಾಗಿ! ಕೂತ್ಕೋ, ಕುರ್ಚಿ ನಿಂದೇ" ಎಂದು ಪಿಸುಗುಟ್ಟಿದರು.

ಇಂತು, ತಾವು ಎತ್ತಿ ನೋಡಿ, ಏನೋ ಮನಸ್ಸು ಮಾಡಿ ಎಸೆಯದೆ ಬಿಟ್ಟಿರುವ,
ತಮ್ಮ ವಿಶ್ವಾಸಿ,
ದೀಪದವನು

ತಾ.ಕ.: ಮೂರು ಆಟಗಳಲ್ಲಿ ಬೆಳಕಿನಲ್ಲೇ ಎದ್ದು ಹೋಗಿ ಅಭ್ಯಾಸವಾಗಿದ್ದ ಭಾವ, ಕತ್ತಲಲ್ಲಿ ದಾರಿ ತಪ್ಪಿ ಸಿಂಹಾಸನಕ್ಕೆ ಡಿಕ್ಕಿ ಹೊಡೆದರು, ಮುಂದಿನ ದೃಶ್ಯಕ್ಕೆ ಬೆಳಕು ಏರಿದಾಗ ನಡುರಂಗದಲ್ಲಿ ಮಂಡಿ ಉಜ್ಜಿಕೊಳ್ಳುತ್ತ ಕೂತಿದ್ದರು. ಸತ್ತ ಮೇಲೆ ನಮ್ಮ ನಾಟಕದಲ್ಲಿ ಯಾವ ಪಾತ್ರವೂ ಆ ರಾಜನ ಹೆಸರೆತ್ತುವುದಿಲ್ಲ, ಯಾರೂ ಅವನನ್ನು ಹಿಡಿದುಕೊಂಡಿಲ್ಲ. ತಮ್ಮ ಕಾಯಿದೆಯಂತೆ ಅಪ್ಪಟ ಕಸ. ಅಷ್ಟು ಹೊತ್ತು ತಾವೆಲ್ಲಿಗೆ ಹೋಗಿದ್ದಿರಿ, ಸ್ವಾಮೀ?