ಸಂಜೆ ಐದರೊಳಗೆ ಒಂದು ಹೆಸರು

ಎಲ್ಲ ತಾಪತ್ರಯಕ್ಕೂ ಕಾರಣ ಅರ್ಧ ಹಾಳೆಯ ಒಂದು ಸುತ್ತೋಲೆ. ಪ್ರತಿ ವಿಭಾಗದವರೂ ಕಷ್ಟದಲ್ಲಿರುವ ಒಬ್ಬ ವಿದ್ಯಾರ್ಥಿಯನ್ನು ಗುರುತಿಸಿ ಸಂಜೆ ಐದರೊಳಗೆ ಹೆಸರು ಕೊಡಬೇಕು. ಆ ವಿದ್ಯಾರ್ಥಿಗೆ ಹಾಸ್ಟೆಲಿನಲ್ಲಿ ಒಂದು ಹಾಸಿಗೆ, ಎರಡು ಹೊತ್ತಿನ ಊಟ. ಹೆಸರು ಬರದಿದ್ದರೆ ಹಾಸಿಗೆ ಬೇರೆ ವಿಭಾಗದ ಪಾಲು.

ಬೊಲಿವಿಯಾದ ಗಣಿಯೂರು ಸಾಂತಾ ರೀತಾದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಫ್ರೊಯ್ಲಾನ್ ಮೇಷ್ಟ್ರು ಅದನ್ನೋದಿ ಆ ಚಳಿಯಲ್ಲೂ ಬೆವತರು. ಹೋದ ವರ್ಷ ಅವರ ಶಿಷ್ಯನೊಬ್ಬ ಓದು ಬಿಟ್ಟು ಗಣಿಗೆ ಇಳಿದಿದ್ದ. ಮೇಷ್ಟ್ರಿಗೆ ಅದು ಗೊತ್ತಾದದ್ದು ಮೂರು ತಿಂಗಳ ಮೇಲೆ. ಆ ಸಂಕಟ ಇನ್ನೂ ಆರಿರಲಿಲ್ಲ. ಈ ಸಲ ಹಾಗಾಗಬಾರದು ಎಂದುಕೊಂಡರು.

ತರಗತಿಗೆ ಹೋದರೆ ಎಂದಿನಂತೆ ಮೊದಲ ಬೆಂಚಿನಲ್ಲಿ ನೆಲ್ವಿ ಒಬ್ಬಳೇ ಕೂತಿದ್ದಳು. ವರ್ಷವಿಡೀ ಒಂದು ದಿನ ತಪ್ಪಿಸಿದವಳಲ್ಲ.

"ಮೇಷ್ಟ್ರೇ, ಒಂದ್ ನಿಮಿಷ ಮಾತಾಡ್ಬೇಕಿತ್ತು."

"ಆಮೇಲೆ ಮಾತಾಡೋಣಮ್ಮ. ಎಲ್ಲಾರೂ ನಿನ್ ಹಾಗೇ ಇದ್ದಿದ್ರೆ ನಂಗ್ಯಾಕೆ ಈ ಪಾಡು? ಬಾ, ಕಷ್ಟದಲ್ಲಿರೋರನ್ನ ಹುಡುಕೋಕೆ ಸ್ವಲ್ಪ ಜೊತೆಗಿರು."

ಸುತ್ತೋಲೆಯ ಹಿಂದೆ ಲಕ್ಷಣಗಳನ್ನೂ ಕೊಟ್ಟಿದ್ದರು: ತೂಕಡಿಕೆ, ಕಣ್ಣೀರು, ಗೈರುಹಾಜರಿ. ಪಾಠ ಶುರುವಾದ ಮೇಲೆ ತೂಕಡಿಕೆಗೆ ಹಿಂದಿನ ಬೆಂಚಿನ ವಿಲ್ಬರ್ ಸಿಕ್ಕಿದ. ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟು, "ಏನಪ್ಪಾ ನಿನ್ ಕಷ್ಟ?" ಎಂದರು.

"ನಿಮ್ ದನಿ ಮೇಷ್ಟ್ರೇ. ನಮ್ಮಜ್ಜಿ ಜೋಗುಳಕ್ಕೂ ನಂಗಿಷ್ಟು ನಿದ್ದೆ ಬರ್ತಿರ್ಲಿಲ್ಲ."

ಕಣ್ಣೀರು ಮೆಟ್ಟಿಲ ಬಳಿ ಕಾಣಿಸಿತು. ಹುಡುಗಿಯೊಬ್ಬಳು ಬಿಕ್ಕುತ್ತಿದ್ದಳು. ಮೇಷ್ಟ್ರು ಪಕ್ಕದಲ್ಲಿ ಕೂತು, ಕರವಸ್ತ್ರ ಕೊಟ್ಟು, ಕಾಲು ಗಂಟೆ ಸಮಾಧಾನ ಹೇಳಿದರು. ಅವಳಿಗೆ ಮಾತು ಬಂದ ಮೇಲೆ ತಿಳಿಯಿತು, ಸಾಲ್ತೇನ್ಯಾ ಕಡುಬಿಗೆ ಖಾರದ ಚಟ್ನಿ ಹೆಚ್ಚು ಸುರಿದುಕೊಂಡಿದ್ದಳಂತೆ.

ಉಳಿದದ್ದು ಗೈರುಹಾಜರಿ. ಮೂರು ವಾರದಿಂದ ನಾಪತ್ತೆಯಾಗಿದ್ದ ಹುಡುಗನ ಮನೆ ಗುಡ್ಡದ ತುದಿಯಲ್ಲಿತ್ತು. ಮೇಷ್ಟ್ರು ಏದುಸಿರು ಬಿಡುತ್ತ ಹತ್ತಿದರು, ಅವರ ಚೀಲ ಹೊತ್ತುಕೊಂಡು ನೆಲ್ವಿಯೂ ಹತ್ತಿದಳು. ಹುಡುಗ ಅಂಗಳದಲ್ಲಿ ಕೊಂಬು ಕಟ್ಟಿಕೊಂಡು, ದೆವ್ವದ ಮುಖವಾಡ ಹಾಕಿಕೊಂಡು ಕುಣಿಯುತ್ತಿದ್ದ.

"ಕಾರ್ನಿವಲ್ ಹಬ್ಬದ ತಾಲೀಮು ಮೇಷ್ಟ್ರೇ. ಮುಗಿದ್ಮೇಲೆ ಬರ್ತೀನಿ," ಎಂದ ದೆವ್ವ.

ಐದಕ್ಕೆ ಹತ್ತು ನಿಮಿಷವಿದ್ದಾಗ ಮೇಷ್ಟ್ರು ಬರಿಗೈಯಲ್ಲಿ ಕಚೇರಿಯ ಸೆನೋಬಿಯಾ ಅಮ್ಮನ ಮುಂದೆ ಕುಸಿದು ಕೂತರು.

"ಯಾರೂ ಸಿಗ್ಲಿಲ್ವಾ? ಈ ಹುಡುಗಿ ಯಾರು?"

"ಇವಳಾ? ಇವಳಿಗೇನ್ ಕಷ್ಟ. ದಿನಾ ಎಲ್ಲಾರಿಗಿಂತ ಮುಂಚೆ ಬಂದು ಕೂತಿರ್ತಾಳೆ."

ಸೆನೋಬಿಯಾ ಅಮ್ಮ ಕನ್ನಡಕ ಸರಿಸಿ ನೋಡಿದರು. "ಯಾಕಮ್ಮಾ ಅಷ್ಟು ಬೇಗ?"

ನೆಲ್ವಿ ತಲೆ ತಗ್ಗಿಸಿದಳು. "ರೂಮ್ ಬಿಟ್ಟು ಎರಡ್ ತಿಂಗ್ಳಾಯ್ತು ಅಮ್ಮ. ಬಸ್ ನಿಲ್ದಾಣದಲ್ಲಿ ಮಲಗ್ತೀನಿ. ಬೆಳಗಿನ ಜಾವ ಐದೂವರೆಗೆ ಕಾವಲಿನೋರು ತರಗತಿ ಬಾಗಿಲು ತೆಗೀತಾರೆ, ಒಳಗೆ ಚಳಿಗಾಳಿ ಬರಲ್ಲ. ಇವತ್ತು ಬೆಳಿಗ್ಗೆ ಮೇಷ್ಟ್ರಿಗೆ ಅದನ್ನೇ ಹೇಳೋಣ ಅಂತಿದ್ದೆ."

ಮೇಷ್ಟ್ರು ನಾಚಿಕೊಂಡು ಪೆನ್ನು ತೆಗೆದರು. ಅವಳ ಹೆಸರು ಬರೆದು ಹಾಳೆಯನ್ನು ಮುಂದಕ್ಕೆ ತಳ್ಳಿದರು.

ಸೆನೋಬಿಯಾ ಅಮ್ಮ ಹಾಜರಿ ಪುಸ್ತಕ ತಿರುವಿ ನಿಟ್ಟುಸಿರಿಟ್ಟರು. "ಕಡಿಮೆ ಅಂದ್ರೆ ಮೂರು ದಿನ ಗೈರುಹಾಜರಿ ಇರ್ಬೇಕು ಮೇಷ್ಟ್ರೇ. ಇವಳದ್ದು ಒಂದೂ ಇಲ್ಲ, ಮೇಲಿನೋರು ವಾಪಸ್ ಕಳಿಸ್ತಾರೆ. ಒಂದ್ ಕೆಲ್ಸ ಮಾಡಿ, ನಾನು ಹಾಳೇನ ನಾಲ್ಕು ದಿನ ಹೇಗೋ ನನ್ ಹತ್ರಾನೇ ಇಟ್ಕೋತೀನಿ. ಅಷ್ಟರಲ್ಲಿ ಮೂರು ದಿನ ತಪ್ಪಿಸ್ಲಿ."

ಮೇಷ್ಟ್ರ ಮುಖ ಅರಳಿತು. "ಕೇಳಿದ್ಯೇನಮ್ಮ? ನಾಳೆಯಿಂದ ಮೂರು ದಿನ ತರಗತಿ ಕಡೆ ತಲೆ ಹಾಕ್ಬೇಡ."

"ಆಗ್ಲಿ ಮೇಷ್ಟ್ರೇ," ಎಂದಳು ನೆಲ್ವಿ. ಆಮೇಲೆ ಮೆಲ್ಲಗೆ ಕೇಳಿದಳು, "ಆ ಮೂರು ದಿನ ಎಲ್ಲಿರ್ಲಿ?"